ಹದಿನೈದನೆಯದು

ವಾಲ್ಪರೈಸೊದ ಈ ಗುಡ್ಡದ ಮನೆಗಳೆಲ್ಲ ಹೀಗೇ:
ಹೊರಗೆ ಬಣ್ಣ ಬಳಿದ ತಗಡು, ಒಳಗೆ ಹುಲ್ಲು ಕಲಸಿದ ಮಣ್ಣು.
ಮೊಳೆಯೊಂದು ಹೊಡೆದರೆ ಬೊಗಸೆ ಗೋಡೆ ಕೆಳಗೆ.
ಹಾಗಾಗಿ ಹಳೇ ಪತ್ರಿಕೆ ತಂದು, ಚೌಕಟ್ಟಿನ ಅಳತೆಗೆ ಕತ್ತರಿಸಿ
ಹದಿನಾಲ್ಕು ಕಾಗದ ಅಂಟಿಸಿದೆ ಮೊದಲು.
ಮೂರು ದಿನ ಈ ಮನೆಯ ಹಿರಿಯರ ಜಾಗದಲ್ಲಿ
ಮೀನಿನ ದರವಿತ್ತು, ಫುಟ್‌ಬಾಲ್ ಅಂಕವಿತ್ತು,
ಹಲ್ಲುಪುಡಿ ಮಾರುವ ಹುಡುಗಿಯ ಅರ್ಧ ನಗುವಿತ್ತು.

ಅತ್ತೆ ಎಮೆಲಿನಾ ಕುರ್ಚಿಯಿಂದ ಏಳದೆ
ಊರುಗೋಲಲ್ಲೇ ಗೋಡೆ ಆಳಿದರು.
"ಅಪ್ಪನನ್ನು ಕಿಟಕಿಯೆದುರು ಹಾಕು, ಬಂದರು ಕಾಣಲಿ.
ನಲವತ್ತು ವರ್ಷ ಹಡಗಿಗೆ ಮೂಟೆ ಹೊತ್ತ,
ಒಮ್ಮೆಯೂ ಪಯಣ ಹೋದವನಲ್ಲ. ನೋಡಿಕೊಂಡಾದರೂ ಇರಲಿ.
ಸೆಲ್ಮಿರಾ, ಒಟಿಲಿಯಾ ಅಕ್ಕಪಕ್ಕ ಬೇಡ.
ಒಂದು ಹೊಲಿಗೆಯಂತ್ರಕ್ಕೆ ಮಾತು ಬಿಟ್ಟವರು;
ಸತ್ತ ಮೇಲೆ ರಾಜಿ ಮಾಡಿಸೋಕೆ ನೀನ್ಯಾರು?"

ನಿಜ, ನಾನ್ಯಾರು.
ಇಲ್ಲಿಗೆ ಬಂದು ಎರಡು ಚಳಿಗಾಲ.
ನನ್ನದೂ ಒಂದಿತ್ತು ಹದಿನಾಲ್ಕರಲ್ಲಿ: ನೋಂದಣಿ ಕಚೇರಿಯ ಮೆಟ್ಟಿಲು,
ಕಡಲ ಗಾಳಿಗೆ ಕೂದಲು ಮುಖಕ್ಕೆ ಬಂದು
ಎರ್ನಾನನ ಕೈ ಹಿಡಿದವಳು ಯಾರಾದರೂ ಆಗಿರಬಹುದು.
ಬಾಗಿಲ ಬಳಿ, ಕೋಟುಗಳ ಪಕ್ಕ ಹಾಕಿಕೊಂಡೆ,
ಯಾರೂ ಹೇಳುವ ಮೊದಲೇ.

ನಾಲ್ಕನೆಯ ದಿನ ಮೊಳೆ.
ಬಾಡಿಗೆಯ ಕುದುರೆಯ ಮೇಲೆ ಮೂರು ವರ್ಷದ ಎರ್ನಾನ್:
ಕುದುರೆ ಮರದ್ದು, ಅಳು ನಿಜದ್ದು.
ಭೂಕಂಪದ ವರ್ಷದ ಯಾರದೋ ಮದುವೆ,
ಹಿಂದೆ ಅರ್ಧ ಚರ್ಚು, ಮುಂದೆ ಇಡೀ ಕೇಕು.

ಅಷ್ಟರಲ್ಲಿ ರಾಯೆನ್ ಶಾಲೆಯಿಂದ ಬಂದಳು. ಚೀಲ ಇಳಿಸಲಿಲ್ಲ.
ಗಣಿತದ ಪುಸ್ತಕದೊಳಗಿಂದ ತೆಗೆದು ಮೇಜಿನ ಮೇಲಿಟ್ಟಳು
ಹದಿನೈದನೆಯದು.
ಮಿರೆಯಾ. ಏಳು ತಿಂಗಳ ಬಸುರಿ, ಕೈಯಲ್ಲಿ ಕರಗುವ ಐಸ್‌ಕ್ರೀಮು,
ಕಾಲ ಬಳಿ ಫೋಟೊ ತೆಗೆಯುತ್ತಿರುವವನ ನೆರಳು.
ಈಗ ಉತ್ತರದ ಕಲಾಮಾದಲ್ಲಿ, ತಾಮ್ರದ ಗಣಿಯ ಅಡುಗೆಮನೆಯಲ್ಲಿ;
ಭಾನುವಾರಕ್ಕೊಂದು ಫೋನು, ಕೆಲವು ಭಾನುವಾರ ಅದೂ ಇಲ್ಲ.

ಊರುಗೋಲು ನೆಲಕ್ಕಿಳಿಯಿತು.
ಎರ್ನಾನನಿಗೆ ಇದ್ದಕ್ಕಿದ್ದಂತೆ
ಗ್ಯಾಸ್ ಸಿಲಿಂಡರ್ ಬದಲಿಸುವುದು ನೆನಪಾಯಿತು.
ನನ್ನದು ದೊಡ್ಡ ಮನಸ್ಸು ಅಂತ ಯಾರೂ ಅನ್ನಬೇಡಿ.
ಅಜ್ಜನ ಕೆಳಗೆ ಹಳೇ ತೂತೊಂದು ಬಾಯಿ ತೆರೆದಿತ್ತು,
ಮುಚ್ಚಬೇಕಿತ್ತು. ಸುತ್ತಿಗೆ ಕೈಯಲ್ಲೇ ಇತ್ತು.
ಹುಡುಗಿ ನೋಡುತ್ತ ನಿಂತಳು,
ಮೊಳೆ ಹಿಡಿದ ನನ್ನ ಬೆರಳನ್ನು; ಅವಳ ಅಮ್ಮನನ್ನಲ್ಲ.

ಮೊನ್ನೆ ರಾತ್ರಿ ನೆಲ ಅಲುಗಿತು.
ದೊಡ್ಡದೇನಲ್ಲ. ಕಪಾಟಿನಲ್ಲಿ ಲೋಟಗಳು ಚಾಡಿ ಹೇಳಿಕೊಂಡವು,
ಎರ್ನಾನ್ ಮಗ್ಗುಲು ಬದಲಿಸಿದ.
ದೀಪ ಬೀಳುವವರೆಗೆ ಇಲ್ಲಿ ಯಾರೂ ಏಳುವುದಿಲ್ಲ.

ಬೆಳಿಗ್ಗೆ ಗೋಡೆಯ ತುಂಬ ಎತ್ತು ಏರಿಗೆ, ಕೋಣ ನೀರಿಗೆ.
ಪಯಣ ಹೋಗದ ಅಜ್ಜ ಕಡಲಿಗೆ ವಾಲಿದ್ದಾನೆ.
ಸೆಲ್ಮಿರಾ ಅಷ್ಟು ದೂರದಿಂದ ಒಟಿಲಿಯಾ ಕಡೆಗೆ
ತಲೆ ಬಾಗಿಸಿದ್ದಾಳೆ; ಅತ್ತೆ ಏಳುವ ಮೊದಲು
ಅದನ್ನೇ ನೆಟ್ಟಗೆ ಮಾಡಿದೆ.
ಮಿರೆಯಾ ಮಾತ್ರ ಕೂದಲೆಳೆಯಷ್ಟೂ ಅಲುಗಿಲ್ಲ.
ಐಸ್‌ಕ್ರೀಮು ಕೂಡ.

ಚೌಕಟ್ಟಿನ ಹಿಂದೆ ಬೆರಳು ಹಾಕಿದೆ.
ನಾಲ್ಕು ಮೂಲೆಗೂ ಅಗಿದ ಚೂಯಿಂಗ್ ಗಮ್,
ಕಲ್ಲಾಗಿತ್ತು, ಪುಟ್ಟ ಹೆಬ್ಬೆರಳ ಗೆರೆ ಸಮೇತ.
ಎಷ್ಟು ರಾತ್ರಿ ಅಗಿದಳೋ, ದವಡೆ ನೋಯುವಷ್ಟು.

ಉಳಿದವರನ್ನು ಒಬ್ಬೊಬ್ಬರಾಗಿ ನಿಲ್ಲಿಸುತ್ತ ಬಾಗಿಲಿಗೆ ಬಂದೆ.
ನಾನೂ ವಾಲಿದ್ದೆ, ಎಲ್ಲರಷ್ಟಲ್ಲ.
ತಿದ್ದಲು ಹೋದರೆ ಒಂದು ಮೂಲೆ ಗೋಡೆ ಬಿಡಲಿಲ್ಲ.
ಮೂಸಿ ನೋಡಿದೆ: ಸ್ಟ್ರಾಬೆರಿ.
ಇನ್ನೂ ಮೆತ್ತಗಿತ್ತು.

ಹಾಗೇ ಬಿಟ್ಟೆ, ಓರೆಯಾಗಿ.